ಮಾತಾಡದವರ ಪಟ್ಟಿ

ಮೊನ್ನೆ ಮೊನ್ನೆಯವರೆಗೂ ನಾನು ಒಂಬತ್ತು ವಾಟ್ಸಾಪ್ ಗುಂಪುಗಳಲ್ಲಿದ್ದು ಒಂದರಲ್ಲೂ ಒಂದಕ್ಷರ ಬರೆದವಳಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ಕೆಲವರಿಗೆ ಬದನೆಕಾಯಿ ಒಗ್ಗುವುದಿಲ್ಲ ಎಂದು ತಿಳಿಸುವ ಹಾಗೆ ಸುಮ್ಮನೆ ತಿಳಿಸುತ್ತಿದ್ದೇನೆ. ಬರೆಯಲು ಪ್ರಯತ್ನಿಸಿಲ್ಲವೆಂದಲ್ಲ. ಯಾರದೋ ಹುಟ್ಟುಹಬ್ಬ ಬಂದಾಗ ‘ಶುಭಾಶಯಗಳು’ ಎಂದು ಟೈಪು ಮಾಡುತ್ತೇನೆ. ಬರೀ ಶುಭಾಶಯ ಒಣಗಿದಂತೆ ಕಂಡು ಅದರ ಹಿಂದೆ ‘ಹಾರ್ದಿಕ’ ಸೇರಿಸುತ್ತೇನೆ. ಮುಖವನ್ನೇ ನೋಡದವರ ಬಗ್ಗೆ ಹೃದಯವನ್ನು ಎಳೆದು ತರುವುದು ಸುಳ್ಳಾದೀತೆಂದು ಅದನ್ನು ಅಳಿಸುತ್ತೇನೆ. ಅಷ್ಟು ಹೊತ್ತಿಗೆ ಇಪ್ಪತ್ತು ಮಂದಿ ಕೇಕಿನ ಚಿತ್ರ ಕಳಿಸಿ, ಹುಟ್ಟಿದವರು ಎಲ್ಲರಿಗೂ ಕೈಮುಗಿದು, ಮಾತು ಗ್ಯಾಸ್ ಸಿಲಿಂಡರಿನ ಕಡೆಗೆ ಹೊರಳಿರುತ್ತದೆ. ನಾನು ಶುಭಾಶಯವನ್ನೂ ಅಳಿಸಿ ಮೊಬೈಲು ಕೆಳಗಿಡುತ್ತೇನೆ.

ಓದುವುದು ಮಾತ್ರ ಎಲ್ಲವನ್ನೂ ಓದುತ್ತೇನೆ. ವಡೋದರಾದಲ್ಲಿ ಗ್ರಂಥಾಲಯ ವಿಜ್ಞಾನ ಕಲಿಯುತ್ತಿದ್ದೇನೆ. ಯಾವುದನ್ನು ಕಂಡರೂ ಎತ್ತಿ, ತಿರುವಿ, ಇದರ ಜಾಗ ಯಾವುದು ಎಂದು ಯೋಚಿಸುವುದು ಆ ವಿದ್ಯೆಯ ದೋಷ. ವಾರವೆಲ್ಲ ಹಾಸ್ಟೆಲಿನಲ್ಲಿದ್ದು ಶನಿವಾರ ರೈಲು ಹಿಡಿದು ಅಹಮದಾಬಾದಿಗೆ, ಸ್ಯಾಟಲೈಟ್ ಎಂಬ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಹೋಗುತ್ತೇನೆ. ಅಪ್ಪನನ್ನು ಬ್ಯಾಂಕಿನವರು ತುಮಕೂರಿನಿಂದ ಇಲ್ಲಿಗೆ ವರ್ಗ ಮಾಡಿದಾಗ ನನಗೆ ನಾಲ್ಕು ವರ್ಷ. ಮೂರು ವರ್ಷಕ್ಕೆಂದು ಬಂದವರು ಇಲ್ಲೇ ಉಳಿದೆವು. ಬೇಸಗೆ ರಜೆಗಳಲ್ಲಿ ಅಮ್ಮ ಹಟ ಹಿಡಿದು ಊಟದ ಮೇಜಿನ ಮೇಲೆ ಕನ್ನಡ ತಿದ್ದಿಸದೇ ಹೋಗಿದ್ದರೆ ನಾನೂ ನನ್ನ ಜೊತೆಗಿನ ಕನ್ನಡದ ಮಕ್ಕಳ ಹಾಗೆ ಅಜ್ಜಿಯ ಜೊತೆ ಫೋನಿನಲ್ಲಿ ಹಿಂದಿ ಮಾತಾಡುತ್ತಿದ್ದೆ.

ನನ್ನ ಒಂಬತ್ತು ಗುಂಪುಗಳಲ್ಲಿ ಬಹಳ ಪ್ರೀತಿಯದು ‘ನಮ್ಮವರು’. ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಚೆದುರಿಹೋದ ಕನ್ನಡದವರೆಲ್ಲ ಸೇರಿದ ಗುಂಪು ಅದು. ಮಧ್ಯಾಹ್ನ ಹಾಸ್ಟೆಲಿನ ಕಿಟಕಿಯ ಪಕ್ಕ ಕೂತು ಅದನ್ನು ತೆರೆದರೆ ಎತ್ತರದ ಚಾವಣಿಯ ಒಂದು ಓದುಕೋಣೆಗೆ ಕಾಲಿಟ್ಟಂತಾಗುತ್ತದೆ. ಸಾಬರಮತಿಯ ದಡದಿಂದ ತಾಪಿಯ ದಡದವರೆಗೆ ಉದ್ದಕ್ಕೆ ಮೇಜುಗಳು, ಒಂದೊಂದರ ಹತ್ತಿರ ಒಬ್ಬೊಬ್ಬರು ತಮ್ಮತಮ್ಮ ಬೆಳಕಿನಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ. ಯಾರೋ ಕೆಮ್ಮುತ್ತಾರೆ, ಯಾರೋ ನಗುತ್ತಾರೆ. ಬೆಳಗ್ಗೆ ಆರಕ್ಕೆ ಗುಲಾಬಿಯ ಮೇಲೆ ‘ಶುಭೋದಯ’ ಬರೆದು ಕಳಿಸುವ ನಿವೃತ್ತ ಎಂಜಿನಿಯರರನ್ನು ನಾನು ದಿನಪತ್ರಿಕೆಗಳ ಕಪಾಟಿನಲ್ಲಿ ಇಟ್ಟಿದ್ದೇನೆ. ಮೆಂತ್ಯದ ನೀರು ಕುಡಿದರೆ ಕನ್ನಡಕ ಬೇಡವೆನ್ನುವ ಸಂದೇಶಗಳದ್ದು ಬೇರೆ ಕಷ್ಟ. ಲೇಖಕನಿಲ್ಲ, ಪ್ರಕಾಶಕನಿಲ್ಲ, ವರ್ಷವಿಲ್ಲ, ಊರಿಲ್ಲ. ಕೊನೆಯಲ್ಲಿ ‘ಹತ್ತು ಜನಕ್ಕೆ ಕಳಿಸಿ’ ಎಂಬ ಆಜ್ಞೆಯೊಂದೇ ಇರುತ್ತದೆ. ಕ್ಯಾಟಲಾಗು ಮಾಡುವವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ತಾಮ್ರಶಾಸನಗಳನ್ನು ಓದಿದ ವಿದ್ವಾಂಸರಿಗಾದರೂ ಯಾವ ರಾಜ ಕೊಟ್ಟದ್ದೆಂದು ತಿಳಿಯುತ್ತಿತ್ತು.

ಗುಂಪು ಕಟ್ಟಿದವರು ನಮ್ಮ ಕೆಳಗಿನ ಮಹಡಿಯ ಕುಲಕರ್ಣಿ ಕಾಕಾ. ರೈಲ್ವೆಯಿಂದ ನಿವೃತ್ತರಾದವರು, ಧಾರವಾಡದವರು. ಹೋದ ತಿಂಗಳು ಒಂದು ಭಾನುವಾರ ಚಹಾಕ್ಕೆ ಬಂದವರು ನನ್ನನ್ನು ಕಂಡು ಹೇಳಿದರು, “ನೋಡವಾ, ನೀ ಲೈಬ್ರರಿ ಕಲೀಲಿಕ್ಕೆ ಹತ್ತೀ ಅಲ್ಲ? ನಮ್ಮ ಗ್ರೂಪ್ ಕಬಾಡಖಾನೆ ಆಗೇದ. ವರ್ಗ ಆಗಿ ಹೋದವ್ರು, ನಂಬರ್ ಬದ್ಲಿ ಮಾಡಿದವ್ರು, ಎಲ್ಲಾರೂ ಅಲ್ಲೇ ಇದ್ದಾರ. ಒಬ್ಬಾಂವ ಗುವಾಹಾಟಿಗೆ ಹೋಗಿ ಐದು ವರ್ಷ ಆತು, ಇನ್ನೂ ಸ್ಯಾಟಲೈಟಿನ್ಯಾಗ ಕರೆಂಟ್ ಯಾವಾಗ ಹೋಗ್ತದ ಅಂತ ಕೇಳ್ತಾನ. ನಿನ್ನ ಅಡ್ಮಿನ್ ಮಾಡ್ತೀನಿ, ಒಂದೀಟು ಹಸನ ಮಾಡಿಕೊಡು.”

ಹೀಗೆ ಕೇಳಿದರೆ ಗ್ರಂಥಾಲಯದ ವಿದ್ಯಾರ್ಥಿನಿಯ ಕಣ್ಣು ಹೊಳೆಯದೇ ಇರುತ್ತದೆಯೇ? ನಮ್ಮ ಪಾಠದಲ್ಲಿ ‘ವೀಡಿಂಗ್’ ಎಂಬ ಒಂದು ಅಧ್ಯಾಯವಿದೆ, ಹೊಲದಲ್ಲಿ ಕಳೆ ಕಿತ್ತ ಹಾಗೆ ಕಪಾಟಿನಿಂದ ಪುಸ್ತಕ ಕೀಳುವ ವಿದ್ಯೆ. ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯ ಮೇಲೆ ತಾರೀಕಿನ ಮುದ್ರೆಗಳಿರುತ್ತವೆ. ಬಹಳ ವರ್ಷ ಯಾರೂ ಮನೆಗೆ ಒಯ್ಯದ ಪುಸ್ತಕವಾದರೆ ಅದು ಪಟ್ಟಿಗೆ ಸೇರುತ್ತದೆ, ಪಟ್ಟಿಗೆ ಸೇರಿದ್ದು ಗೋದಾಮಿಗೆ ಹೋಗುತ್ತದೆ. ಓದುವವರು ಕೇಳುವಾಗ ನಿರ್ದಯವೆನಿಸಿದರೂ ಕಲಿಯುವವರಿಗೆ ಅದರಲ್ಲಿ ಒಂದು ಸುಖವಿದೆ: ನಿಯಮ ಒಂದೇ, ವಾದವಿಲ್ಲ. ಆ ಅಧ್ಯಾಯದಲ್ಲಿ ನನಗೆ ತರಗತಿಗೇ ಹೆಚ್ಚು ಅಂಕ ಬಂದಿತ್ತು.

ನಾನು ನಿಯಮ ಮಾಡಿದೆ. ಎರಡು ವರ್ಷದಲ್ಲಿ ಒಂದು ಸಲವೂ ಬರೆಯದವರು ಇನ್ನು ಗುಂಪಿನಲ್ಲಿಲ್ಲ. ಗುಂಪಿನ ಮಾತನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ಸದಸ್ಯರ ಹೆಸರುಗಳ ಪಕ್ಕ ಇಟ್ಟು, ತಾಳೆ ನೋಡಿ, ‘ಮಾತಾಡದವರ ಪಟ್ಟಿ’ ಎಂಬ ಹೆಸರಿನ ಕಡತ ತಯಾರಿಸಿದೆ. ನಲವತ್ತನಾಲ್ಕು ಹೆಸರು ಬಂದವು. ಅಕಾರಾದಿಯಲ್ಲಿ ಜೋಡಿಸಿದಾಗ ನಡುವೆ ನನ್ನದೂ ಇತ್ತು. ಅದರ ಮುಂದೆ ‘ಕಾರ್ಯನಿಮಿತ್ತ ವಿನಾಯಿತಿ’ ಎಂದು ಬರೆದೆ. ನಲವತ್ತಮೂರು ಉಳಿದವು. ಮುಂದಿನ ಭಾನುವಾರ ಊಟವಾದ ಮೇಲೆ ಸೋಫಾದ ಮೇಲೆ ಕಾಲು ಮಡಚಿ ಕೂತು ಒಬ್ಬೊಬ್ಬರನ್ನೇ ತೆಗೆಯತೊಡಗಿದೆ.

ನನಗೆ ಆಗ ತಿಳಿಯದಿದ್ದ ಒಂದು ಸಂಗತಿಯೆಂದರೆ, ಹೀಗೆ ತೆಗೆದಾಗಲೆಲ್ಲ ಗುಂಪಿನ ನಡುಮಧ್ಯೆ ಸಣ್ಣ ಬೂದು ಅಕ್ಷರಗಳಲ್ಲಿ ಒಂದು ಸಾಲು ಮೂಡುತ್ತದೆ: ಇಂಥವರು ಇಂಥವರನ್ನು ತೆಗೆದರು. ಎಲ್ಲರಿಗೂ ಕಾಣುವ ಹಾಗೆ. ‘ನಮ್ಮವರು’ ಗುಂಪಿನಲ್ಲಿ ನನ್ನ ಹೆಸರು ಮೊದಲ ಸಲ ಕಾಣಿಸಿಕೊಂಡದ್ದು ಹೀಗೆ, ಅದೂ ಒಂದರ ಕೆಳಗೊಂದು ನಲವತ್ತಮೂರು ಸಲ.

ಅಡುಗೆಮನೆಯಿಂದ ಅಮ್ಮ ಮೊಬೈಲು ಹಿಡಿದುಕೊಂಡೇ ಬಂದಳು. “ಇದೇನೇ ಇದು, ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದಂಗೆ ಹೊಡೀತಾ ಇದ್ದೀಯ?”

“ಅವರ್ಯಾರೂ ಮಾತಾಡೋದೇ ಇಲ್ಲಮ್ಮ.”

“ನೀನು ಯಾವ ಕಾಲಕ್ಕೆ ಬಾಯಿ ಬಿಟ್ಟಿದ್ದೀಯ ಅಲ್ಲಿ? ಮೊದಲು ನಿನ್ನ ತೆಗೀಬೇಕಿತ್ತು ಕಣೇ.”

“ನಾನು ಅಡ್ಮಿನ್.”

“ಓಹೋ. ಕತ್ತರಿ ಹಿಡಿದೋರಿಗೆ ಕೂದಲು ಬೆಳೆಯಲ್ಲ, ಪಾಪ.”

ಅಮ್ಮನ ಮಾತಿಗೆ ಉತ್ತರಗಳು ನನಗೆ ಸಾಮಾನ್ಯವಾಗಿ ಎರಡು ದಿನದ ಮೇಲೆ ಹೊಳೆಯುತ್ತವೆ. ಆ ಸಂಜೆ ಗುಂಪು ಹಗುರಾಗಿ, ಧೂಳು ಒರೆಸಿದ ಕಪಾಟಿನಂತೆ ಕಂಡಿತು. ಕಾಕಾ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ಬುಧವಾರ ಮಧ್ಯಾಹ್ನ ನಮ್ಮ ವಿಭಾಗದ ಗ್ರಂಥಾಲಯದಲ್ಲಿ ಓದುಗರು ಬಿಟ್ಟುಹೋದ ಪುಸ್ತಕಗಳನ್ನು ಎತ್ತುವ ಸರದಿ ನನ್ನದು. ಮೊಬೈಲು ನಡುಗಿತು. ಪರಿಚಯವಿಲ್ಲದ ನಂಬರು. ಕಪಾಟುಗಳ ಹಿಂದಕ್ಕೆ ಹೋಗಿ ಮೆಲ್ಲಗೆ ಹಲೋ ಎಂದೆ.

“ನಾನ್ ವಾರಿಜ ಅಂದೇಳಿ,” ಎಂದಿತು ಕುಂದಾಪುರದ ಕಡೆಯ ಹೆಂಗಸಿನ ದನಿ. “ಸೂರತ್ತಿಂದ. ಪಾಂಡೇಸರಾದಗೆ ನಮ್ದೊಂದ್ ಸಣ್ಣ ಇಡ್ಲಿ ಹೋಟ್ಲ್. ನೀನ್ ನನ್ನ ಗ್ರೂಪಿಂದ ತೆಗ್ದೆ ಅಲ್ದಾ ಮಗಾ, ನನ್ನಿಂದ ಎಂತ ತಪ್ಪ್ ಆಯ್ತ್? ನೀರ್ ಕೈಯಗೆ ಮೊಬೈಲ್ ಮುಟ್ಟಿ, ಎಂತಾರೂ ಕೆಟ್ಟದ್ ಹೋಯ್ತಾ ನನ್ ಕಡಿಂದ? ಮೂರ್ ದಿನದಿಂದ ಅದೇ ಯೋಚ್ನಿ.”

ನಾನು ಗಾಬರಿಯಾದೆ. ಗಾಬರಿಯಾದಾಗ ನಾನು ನಿಯಮಗಳ ಹಿಂದೆ ನಿಲ್ಲುತ್ತೇನೆ. “ತಪ್ಪೇನೂ ಇಲ್ಲ ಅಕ್ಕ. ಎರಡು ವರ್ಷದಿಂದ ನೀವು ಏನೂ ಬರೆದಿರಲಿಲ್ಲ. ಹಾಗೆ ಬರೆಯದೇ ಇರೋರನ್ನ...”

“ಮೊಬೈಲಗೆ ಬರೆಯೂಕೆ ನಂಗ್ ಬತ್ತಿಲ್ಲೆ. ಓದ್ತೆ. ದಿನಾ ಓದ್ತೆ.” ಆಮೇಲೆ ಕೇಳಿದರು, “ಓದುದ್ ಲೆಕ್ಕಕ್ಕಿಲ್ಯಾ?”

ಗ್ರಂಥಾಲಯದೊಳಗೆ ನಿಂತವಳಿಗೆ ಈ ಪ್ರಶ್ನೆ ಕೇಳಬಾರದು. ಈಗಲೇ ಮತ್ತೆ ಸೇರಿಸುತ್ತೇನೆ, ಒಂದು ನಿಮಿಷ ಸಾಕು ಎಂದು ತಡವರಿಸಿದೆ.

“ಬ್ಯಾಡ, ಬ್ಯಾಡ. ಎಲ್ರ ಎದ್ರಿಗೆ ಎಬ್ಸಿ ಕಳ್ಸಿ, ಈಗ ಹಿಂದಿನ್ ಬಾಗ್ಲಂಗೆ ಬಾ ಅಂದ್ರೆ ಹ್ಯಾಂಗ್ ಬಪ್ಪುದ್? ತಪ್ಪ್ ನಂದಲ್ಲ ಅಂತ ಗೊತ್ತಾಯ್ತಲ್ಲ, ಅಷ್ಟ್ ಸಾಕ್. ಇಡ್ತೆ ಮಗಾ.”

ಫೋನು ಇಟ್ಟರು. ನಾನು ಕಪಾಟುಗಳ ಹಿಂದಿನಿಂದ ಈಚೆ ಬಂದೆ. ನನ್ನ ಎದುರಿಗೆ, ನಾನು ಎತ್ತಬೇಕಿದ್ದ ಪುಸ್ತಕಗಳ ಮೇಜಿನ ಮೇಲೆ, ಪ್ಲಾಸ್ಟಿಕ್ ಹೊದಿಸಿದ ಒಂದು ಸೂಚನಾ ಫಲಕವಿತ್ತು: ಓದಿದ ಪುಸ್ತಕವನ್ನು ಕಪಾಟಿಗೆ ವಾಪಸು ಇಡಬೇಡಿ, ಮೇಜಿನ ಮೇಲೆಯೇ ಬಿಡಿ. ಎರಡು ವರ್ಷದಿಂದ ದಿನವೂ ನೋಡುವ ಫಲಕ. ತಪ್ಪು ಜಾಗದಲ್ಲಿಟ್ಟರೆ ಹುಡುಕುವುದು ಕಷ್ಟ ಎಂಬುದು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಪಾಠದಲ್ಲೇ ಇದೆ, ನಾನೇ ಪರೀಕ್ಷೆಯಲ್ಲಿ ಬರೆದಿದ್ದೇನೆ: ಎಷ್ಟೋ ಪುಸ್ತಕಗಳನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಇಲ್ಲೇ ಕೂತು ಓದಿ ಎದ್ದು ಹೋಗುತ್ತಾರೆ, ಅವುಗಳ ಬೆನ್ನ ಚೀಟಿಯಲ್ಲಿ ಮುದ್ರೆ ಬೀಳುವುದೇ ಇಲ್ಲ. ಅದಕ್ಕೇ ದಿನವೂ ಮೇಜಿನ ಮೇಲೆ ಉಳಿದವನ್ನು ಒಬ್ಬರು ಎಣಿಸಿ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಎಲ್ಲರಿಗೂ ಬೇಕಾದ ಪುಸ್ತಕವೇ ಯಾರಿಗೂ ಬೇಡದ್ದೆಂದು ಗೋದಾಮಿಗೆ ಹೋಗಿಬಿಡುತ್ತದೆ. ಅಂದು ಎಣಿಸುವ ಸರದಿ ನನ್ನದೇ ಆಗಿತ್ತು. ಕೈಯಲ್ಲಿ ಪೆನ್ಸಿಲು ಹಿಡಿದುಕೊಂಡು ಬಹಳ ಹೊತ್ತು ಆ ಮೇಜಿನ ಮುಂದೆ ನಿಂತಿದ್ದೆ.

ಸಂಜೆ ಫೋನಿನಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆಂದುಕೊಂಡಿದ್ದೆ. ಬಯ್ಯಲಿಲ್ಲ.

“ಪಂಕ್ತೀಲಿ ಊಟಕ್ಕೆ ಕೂತೋರನ್ನ ಎಬ್ಬಿಸಿದಂಗಾಯ್ತಲ್ಲೇ,” ಎಂದಳು. “ಶನಿವಾರ ಮನೆಗೆ ಬರಬೇಡ. ಸೂರತ್ತಿಗೆ ಹೋಗು. ಕಾಯಿ, ಎಲೆ ಅಡಿಕೆ ತಗೊಂಡು, ಹಣೆಗೆ ಕುಂಕುಮ ಇಟ್ಟು ಕರೆದು ಬಾ.”

“ವಾಟ್ಸಾಪ್ ಗ್ರೂಪಿಗಾ ಅಮ್ಮ?”

“ಮದುವೆಗೆ ಕರೀಲಿ, ಗ್ರೂಪಿಗೆ ಕರೀಲಿ, ಬರೋರು ಮನುಷ್ಯರೇ ಅಲ್ವೇನೇ?”

ಶನಿವಾರ ವಡೋದರಾದ ಮಾರುಕಟ್ಟೆಯಲ್ಲಿ ಎಲೆ, ಅಡಿಕೆ, ಒಂದು ಮೊಳ ಹೂವು, ಜುಟ್ಟಿರುವ ತೆಂಗಿನಕಾಯಿ ಕೊಂಡು ರೈಲು ಹತ್ತಿದೆ. ಬಟ್ಟೆಯ ಚೀಲದಿಂದ ಕಾಯಿಯ ಜುಟ್ಟು ಹೊರಗೆ ಇಣುಕುತ್ತಿತ್ತು. ಎದುರಿನ ಹೆಂಗಸು ನೋಡಿ ನೋಡಿ ತಡೆಯಲಾರದೆ “ಕೋನಾ ಲಗ್ನ ಛೇ, ಬೇನ್?” ಎಂದರು, ಯಾರ ಮದುವೆ ಎಂದು. ಮದುವೆಯಲ್ಲ, ಒಬ್ಬರು ಮುನಿಸಿಕೊಂಡಿದ್ದಾರೆ, ಕರೆಯಲು ಹೊರಟಿದ್ದೇನೆ ಎಂದೆ ಗುಜರಾತಿಯಲ್ಲಿ. ಅವರು ಅರ್ಥವಾಯಿತೆಂಬಂತೆ ತಲೆದೂಗಿ, ತಮ್ಮ ಡಬ್ಬಿ ತೆರೆದು ಮೆಂತ್ಯ ಹಾಕಿದ ಚಪಾತಿ, ಎರಡು ಥೇಪ್ಲಾ, ಕೊಟ್ಟರು. ಯಾರು, ಯಾಕೆ ಮುನಿಸು ಎಂದು ಕೇಳಲೇ ಇಲ್ಲ.

ಭರೂಚಿನ ಹತ್ತಿರ ರೈಲು ನರ್ಮದೆಯ ಮೇಲೆ ಬಂದಾಗ ಬೋಗಿಯಲ್ಲಿದ್ದವರೆಲ್ಲ ಕಿಟಕಿಯತ್ತ ತಿರುಗಿದರು. ಸೇತುವೆಯ ಕಂಬಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು, ಕೆಳಗೆ ಅಗಲವಾದ ನೀರು ಬಿಸಿಲನ್ನು ಹೊತ್ತುಕೊಂಡು ಎತ್ತಲೋ ಹೋಗುತ್ತಿತ್ತು. ನನಗೆ ಮತ್ತೆ ಆ ಉದ್ದದ ಓದುಕೋಣೆ ಕಂಡಿತು. ಈ ಸಲ ನಲವತ್ತಮೂರು ಕುರ್ಚಿಗಳು ಖಾಲಿ. ವಿಚಿತ್ರವೆಂದರೆ, ಅವರು ಹೋದ ಮೇಲೆ ಕೋಣೆಯಲ್ಲಿ ಸದ್ದು ಕಡಿಮೆಯಾಗಿರಲಿಲ್ಲ. ಅವರಿದ್ದಾಗ ಇದ್ದ ನಿಶ್ಶಬ್ದ ಮಾತ್ರ ಕಡಿಮೆಯಾಗಿತ್ತು. ಮಾತಾಡುವವರ ಮಾತು ಯಾವುದಕ್ಕೂ ತಾಗದೆ ಗೋಡೆಗೆ ಹೋಗಿ ವಾಪಸು ಬರುತ್ತಿತ್ತು. ಕನಸಿನಂಥ ಈ ಯೋಚನೆಯಲ್ಲಿ ಸೂರತ್ತು ಬಂದದ್ದೇ ತಿಳಿಯಲಿಲ್ಲ. ಥೇಪ್ಲಾ ಕೊಟ್ಟ ಹೆಂಗಸೇ ಎಬ್ಬಿಸಿ ಇಳಿಸಿದರು.

ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಗಿರಣಿಗಳ ಸಾಲಿನ ಎದುರು ವಾರಿಜಕ್ಕನ ಹೋಟೆಲು. ಆರು ಮೇಜು, ಗಣಪತಿಯ ಫೋಟೋ, ಸಾಂಬಾರಿನ ಹಬೆ. ಮೂರು ಗಂಟೆ ದಾಟಿತ್ತು, ಗದ್ದಲ ಇಳಿದಿತ್ತು. ಮೂಲೆಯಲ್ಲಿ ಕೂತ ಇಬ್ಬರು ಕೆಲಸಗಾರರಲ್ಲಿ ಒಬ್ಬನ ಬೆರಳುಗಳು ಗುಲಾಬಿ, ಇನ್ನೊಬ್ಬನವು ನೀಲಿ. ಸ್ಟೀಲಿನ ಲೋಟ ಹಿಡಿದ ಆ ಕೈಗಳನ್ನು ನೋಡುತ್ತ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಗಲ್ಲಾದಲ್ಲಿ ಕೂತಿದ್ದವರು ಚೀಲದ ಕಾಯಿಯನ್ನೂ ನನ್ನನ್ನೂ ನೋಡಿ “ಹೋಯ್, ಕಾಣ್ ಇಲ್ಲಿ, ಯಾರೋ ಬಂದ್ರ್,” ಎಂದು ಒಳಗೆ ಕೂಗಿದರು.

ವಾರಿಜಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಐವತ್ತೈದರ ಆಸುಪಾಸಿನ, ದುಂಡು ಮುಖದ ಹೆಂಗಸು. ನಾನು ನನ್ನ ಹೆಸರನ್ನೂ ಅಮ್ಮನ ಹೆಸರನ್ನೂ ಹೇಳಿದೆ.

“ನೀನಾ? ಇಷ್ಟ್ ಸಣ್ ಹೆಣ್ಣಾ! ನಿನ್ ಹೆಸ್ರ್ ಗ್ರೂಪಗೆ ಯಾವತ್ತೂ ಕಂಡದ್ದೇ ಇಲ್ಲ. ಏಕಾಏಕಿ ಬಂದ್ ಎಲ್ರನ್ನೂ ತೆಗ್ದೆ.”

“ಯಮನೂ ಹಾಂಗೇ,” ಎಂದರು ಗಲ್ಲಾದಿಂದ ಗಂಡ. “ಮೊದ್ಲ್ ಬಂದ್ ಮಾತಾಡ್ಸಿ ಹೋಪುದಿಲ್ಲ.”

“ನೀವ್ ಸುಮ್ನ್ ಕೂಕಣಿ,” ಎಂದು ವಾರಿಜಕ್ಕ ಗದರಿದರೂ ನಗು ತಡೆದುಕೊಳ್ಳಲಿಲ್ಲ. ನಾನೂ ನಕ್ಕೆ.

ಕೂರಿಸಿ ದೋಸೆ ಕೊಟ್ಟರು. ತಾವು ಎದುರಿಗೆ ಕೂತು ಒಂದೊಂದಾಗಿ ಕೇಳತೊಡಗಿದರು. ಕುಲಕರ್ಣಿಯವರ ಮೊಮ್ಮಗಳು ನಡೆಯಲು ಶುರು ಮಾಡಿದಳಾ? ಸೂರತ್ತಿನ ಹತ್ತಿರದ ಸಚಿನ್ ಎಂಬ ಊರಿನ ಕಾರ್ಖಾನೆಗೆ ಕೆಲಸಕ್ಕೆ ಬಂದ ಹಾವೇರಿಯ ಹೊಸ ಹುಡುಗನಿಗೆ ಬಾಡಿಗೆ ಮನೆ ಸಿಕ್ಕಿತಾ? ಗುಲಾಬಿ ಹೂವಿನ ಎಂಜಿನಿಯರರು ಹೋದ ವಾರ ಎರಡು ದಿನ ಶುಭೋದಯ ಹೇಳಲಿಲ್ಲ, ಆರೋಗ್ಯವೇ? ಇವರಲ್ಲಿ ಒಬ್ಬರನ್ನೂ ಅವರು ಕಂಡಿರಲಿಲ್ಲ. ದಿನವಿಡೀ ಒಡಿಶಾ, ಬಿಹಾರದ ಗಿರಾಕಿಗಳ ಜೊತೆ ಹಿಂದಿ, ಮನೆಯಲ್ಲಿ ಮಕ್ಕಳ ಗುಜರಾತಿ. ಮಧ್ಯಾಹ್ನ ಗದ್ದಲ ಇಳಿದ ಮೇಲೆ ಉದ್ದಿನಬೇಳೆಯ ಡಬ್ಬಿಗೆ ಮೊಬೈಲು ಒರಗಿಸಿ, ಕನ್ನಡಕ ಏರಿಸಿ, ಹನ್ನೊಂದು ವರ್ಷದಿಂದ ಅವರು ನಮ್ಮನ್ನೆಲ್ಲ ಓದುತ್ತ ಬಂದಿದ್ದರು. ಎಲ್ಲರೂ ನೋಡಿ ಮರೆತದ್ದನ್ನು ಅವರು ನೆನಪಿಟ್ಟಿದ್ದರು. ನಾನು ಕ್ಯಾಟಲಾಗು ಮಾಡಿದ ಗುಂಪಿನಲ್ಲಿ ಅವರು ಬದುಕುತ್ತಿದ್ದರು.

“ನಿಮ್ಮಮ್ಮ ನಿಂಬಿ ಉಪ್ಪಿನಕಾಯಿಗೆ ಬೂಸು ಬಂತ್ ಅಂತ ಬರ್ದಿದ್ರಲ,” ಎಂದರು. “ಅದ್ಕೆ ಬಿಸಿಲ್ ಸಾಕಾಗ್ಲಿಲ್ಲ. ಹೇಳ್ವ ಅಂದ್ಕಂಡೆ.”

“ಮಾತಿನಲ್ಲೇ ಹೇಳಿ ಕಳಿಸಬಹುದಿತ್ತಲ್ಲ ಅಕ್ಕ, ರೆಕಾರ್ಡ್ ಮಾಡಿ?”

“ಅಷ್ಟ್ ಜನದ್ ನಡುವೆ ನಾನ್ ಎಂತ ಮಾತಾಡುದ್ ಮಗಾ? ಕೂತ್ಕಂಡ್ ಕೇಂಬುದೇ ಚಂದ.”

ನನ್ನದೇ ಮಾತನ್ನು ಯಾರೋ ಕುಂದಾಪುರದಲ್ಲಿ ಹುಟ್ಟಿಸಿ ಕಳಿಸಿದಂತಿತ್ತು. ಕೈ ತೊಳೆದು ಬಂದು ಅವರ ಹಣೆಗೆ ಕುಂಕುಮವಿಟ್ಟೆ, ಕಾಯಿ, ಎಲೆ ಅಡಿಕೆ, ಹೂವು ಕೈಗಿತ್ತೆ. ಇಂಥ ಕೆಲಸಗಳಲ್ಲಿ ಏನು ಹೇಳಬೇಕೆಂದು ನನಗೆ ಬರುವುದಿಲ್ಲ. “ಗುಂಪಿಗೆ ಬರಬೇಕು, ವಾರಿಜಕ್ಕ,” ಎಂದೆ. ಗಂಡ ಗಲ್ಲಾದಿಂದ ಎದ್ದು ನಿಂತು ನೋಡುತ್ತಿದ್ದರು. ಈ ಸಲ ತಮಾಷೆ ಮಾಡಲಿಲ್ಲ. ವಾರಿಜಕ್ಕ ಹೂವನ್ನು ಮುಡಿಗೆ ಸಿಕ್ಕಿಸಿಕೊಂಡು “ಬತ್ತೆ,” ಎಂದರು.

ಅಲ್ಲೇ ಕೂತು ಅವರನ್ನು ಸೇರಿಸಿದೆ. ಬೂದು ಸಾಲು ಮೂಡಿತು. ಆದರೆ ಅವರನ್ನು ಎಲ್ಲರ ಎದುರಿಗೆ ಎಬ್ಬಿಸಿದ್ದೆನಲ್ಲ, ಬೂದು ಸಾಲು ಅದಕ್ಕೆ ಸಾಲದು. ಟೈಪು ಮಾಡಿದೆ, ಅಳಿಸಿದೆ, ಮತ್ತೆ ಟೈಪು ಮಾಡಿದೆ. ‘ದಯವಿಟ್ಟು’ ಬಂತು, ಹೋಯಿತು. ‘ವಿಷಾದ’ ಬಂತು, ಅದೂ ಹೋಯಿತು. ಕೊನೆಗೆ ಉಳಿದದ್ದು ಇಷ್ಟು: “ಭಾನುವಾರ ನಾನು ನಲವತ್ತಮೂರು ಜನರನ್ನು ತೆಗೆದೆ. ಅವರು ಬರೆಯುತ್ತಿರಲಿಲ್ಲ ಎಂಬುದೊಂದೇ ಕಾರಣ. ತಪ್ಪು ನನ್ನದು, ಅವರದಲ್ಲ. ಸೂರತ್ತಿನ ವಾರಿಜಕ್ಕ ಕರೆದದ್ದಕ್ಕೆ ಬಂದಿದ್ದಾರೆ. ಉಳಿದವರನ್ನೂ ಒಬ್ಬೊಬ್ಬರಾಗಿ ಕರೆಯುತ್ತೇನೆ. ಅಮ್ಮ, ಉಪ್ಪಿನಕಾಯಿಗೆ ಬಿಸಿಲು ಸಾಕಾಗಿಲ್ಲವಂತೆ.”

ಕಣ್ಣು ಮುಚ್ಚಿ ಕಳಿಸಿದೆ. ಕಾಕಾ ಕೈಮುಗಿದರು. ಅಮ್ಮ ಬಿಸಿಲಿನ ಚಿತ್ರ ಹಾಕಿದಳು. ಗುವಾಹಾಟಿಯವರು “ಇವರು ಯಾರು?” ಎಂದು ಕೇಳಿದರು.

ಆಮೇಲೆ ಬೆರಳು ಆ ಸಂದೇಶದ ಮೇಲೆ ತುಸು ಹೆಚ್ಚು ಹೊತ್ತು ನಿಂತಿತೋ ಏನೋ, ಒಂದು ಪುಟ ತೆರೆದುಕೊಂಡಿತು: ಓದಿದವರು. ಅದರ ಕೆಳಗೆ ಹೆಸರುಗಳು. ನಾನು ನೋಡುತ್ತಿದ್ದ ಹಾಗೆ ಒಂದೊಂದೇ ಹೆಸರು ಬಂದು ಸೇರುತ್ತಿತ್ತು. ಉತ್ತರಿಸಿದವರು ಮೂವರು, ಓದಿದವರು ಮೂವತ್ತು, ನಲವತ್ತು, ಐವತ್ತು. ಯಾರು ಓದುತ್ತಿದ್ದಾರೆಂಬ ಲೆಕ್ಕ ಈ ಯಂತ್ರದಲ್ಲಿ ಮೊದಲಿನಿಂದಲೂ ಇತ್ತು. ಆದರೆ ಅದನ್ನು ಅದು ಎಲ್ಲರಿಗೂ ತೋರಿಸುವುದಿಲ್ಲ, ಬರೆದವರಿಗೆ ಮಾತ್ರ ತೋರಿಸುತ್ತದೆ. ಒಂದಕ್ಷರವೂ ಬರೆಯದೆ ಮೌನವಾಗಿದ್ದವಳು ಮೌನವಾಗಿದ್ದವರನ್ನು ಕಾಣುವ ದಾರಿಯೇ ಇರಲಿಲ್ಲ.

ಎದುರಿಗೆ ವಾರಿಜಕ್ಕ ಮೊಬೈಲನ್ನು ಬೇಳೆಯ ಡಬ್ಬಿಗೆ ಒರಗಿಸಿ, ಸಾಲಿನ ಕೆಳಗೆ ಬೆರಳು ಸರಿಸುತ್ತ, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ನನ್ನ ಕೈಯೊಳಗಿನ ಪಟ್ಟಿಯ ಮೇಲುತುದಿಗೆ ‘ವಾರಿಜ’ ಎಂಬ ಹೆಸರು ಬಂದು ಕೂತಿತು. ತಲೆಯೆತ್ತಿ ಅವರತ್ತ ನೋಡಿದೆ. ಅವರು ಕನ್ನಡಕ ತೆಗೆದು ಮಡಚಿ, ಎದ್ದು ಕಾವಲಿಯ ಹತ್ತಿರ ಹೋಗಿ ಹಿಟ್ಟು ಹುಯ್ದರು.

“ಇನ್ನೊಂದ್ ದೋಸೆ ತಿನ್ನ್ ಮಗಾ,” ಎಂದರು. “ಇನ್ನೂ ನಲ್ವತ್ತೆರಡ್ ಮನೆಗೆ ಹೋಯ್ಕಲ.”